ಮುಂದೆ ಟ್ಯೂಬ್, ಹಿಂದೆ ಟ್ರಾನ್ಸಿಸ್ಟರ್

ಹಾಡು ಕೇಳೋಕೆ ಪೂರ್ತಿ ಟ್ಯೂಬ್ (ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್) ಸಿಸ್ಟಮ್ಮೇ ಬೇಕು ಅನ್ನುವವರ ಜೊತೆ ನನಗೇನೂ ಜಗಳವಿಲ್ಲ. ಆದರೆ 300ಬಿ ಅನ್ನುವ ಒಂದೇ ಪವರ್ ಟ್ಯೂಬ್ ಇರುವ ಸಿಂಗಲ್ ಎಂಡೆಡ್ ಆಂಪ್ (ಆಂಪ್ಲಿಫೈಯರ್) ಕೊಡುವುದು ಸುಮಾರು 8 ವಾಟ್, ನನ್ನ ಸ್ಪೀಕರ್‌ಗಳಿಗೆ ಅದು ಸಾಲುವುದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಮುಂದಿನ ಪ್ರೀಆಂಪ್ (ಸಿಗ್ನಲ್ಲನ್ನು ಮೊದಲು ಹದಮಾಡುವುದು) 12ಎಯು7 ಅನ್ನುವ ಚಿಕ್ಕ ಟ್ಯೂಬಿನದು, ಹಿಂದಿನ ಪವರ್ ಆಂಪ್ (ಸ್ಪೀಕರ್ ಓಡಿಸುವುದು) ಟ್ರಾನ್ಸಿಸ್ಟರಿನದು. ಟ್ಯೂಬ್ ಪವರ್ ಆಂಪಿಗೆ ಸಾಮಾನ್ಯವಾಗಿ ಬೇಕಾಗುವ ದುಬಾರಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಗೊಡವೆಯೇ ಇಲ್ಲ. ಬಾಸ್ (ತಗ್ಗಿನ ಸ್ವರಗಳು) ಮೇಲೆ ಹಿಡಿತವೂ ಜಾಸ್ತಿ.

ಇವೆರಡನ್ನೂ ಜೋಡಿಸುವಾಗ ಮುಖ್ಯವಾಗಿ ನೋಡಬೇಕಾದ್ದು ಇಂಪೀಡೆನ್ಸ್, ಅಂದರೆ ಸಿಗ್ನಲ್ಲಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ. ಪವರ್ ಆಂಪಿನ ಇನ್‌ಪುಟ್ ಇಂಪೀಡೆನ್ಸ್, ಪ್ರೀಆಂಪಿನ ಔಟ್‌ಪುಟ್ ಇಂಪೀಡೆನ್ಸಿಗಿಂತ ಕನಿಷ್ಠ 10 ಪಟ್ಟಾದರೂ ಇರಲಿ. ಇನ್ನೊಂದು ಕಿರಿಕಿರಿ ಇದೆ. ಟ್ಯೂಬ್ ಪ್ರೀಆಂಪಿನ ಔಟ್‌ಪುಟ್ಟಿನಲ್ಲಿ ಸಾಮಾನ್ಯವಾಗಿ ಒಂದು ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಹಾಡಿನ ಸಿಗ್ನಲ್ ಮಾತ್ರ ಬಿಡುವುದು) ಇರುತ್ತದೆ, ಅದು 0.47 ಮೈಕ್ರೋಫ್ಯಾರಡ್ ಇದ್ದು ಪವರ್ ಆಂಪಿನ ಇನ್‌ಪುಟ್ 10 ಕಿಲೋ ಓಮ್ ಇದ್ದರೆ ಹೆಚ್ಚುಕಡಿಮೆ 34 ಹರ್ಟ್ಸ್‌ನಲ್ಲೇ ಬಾಸ್ 3 ಡಿಬಿ (ಅಂದರೆ ಅರ್ಧ ಪವರ್) ಇಳಿದುಬಿಡುತ್ತದೆ. ಅದೇ 47 ಕಿಲೋ ಓಮ್ ಆದರೆ ಇಳಿಯುವುದು 7 ಹರ್ಟ್ಸ್‌ನಲ್ಲಿ, ಕಿವಿಗೆ ಕೇಳದಷ್ಟು ಕೆಳಗೆ, ತಲೆಬಿಸಿಯೇ ಇಲ್ಲ. "ಟ್ಯೂಬ್ ಅಂದ್ರೆ ಬಾಸ್ ಕಮ್ಮಿ" ಅಂತ ಸುಮ್ನೆ ದೂರುವ ಮೊದಲು ಈ ಲೆಕ್ಕ ಹಾಕಬಹುದು ಅಲ್ವಾ?

ಟ್ಯೂಬಿನ ಆ ಬೆಚ್ಚಗಿನ ದನಿಯಲ್ಲಿ ಸೆಕೆಂಡ್ ಹಾರ್ಮೋನಿಕ್ ಡಿಸ್ಟಾರ್ಷನ್ನಿನ (ಮೂಲ ಸ್ವರದ ಎರಡು ಪಟ್ಟು ಫ್ರೀಕ್ವೆನ್ಸಿಯಲ್ಲಿ ಆಂಪೇ ಸೇರಿಸುವ ಕಲಬೆರಕೆ) ಪಾಲೂ ಇದೆ. ಇರಲಿ, ನನಗಿಷ್ಟ.

ಆನ್ ಮಾಡುವಾಗ ಮೊದಲು ಪ್ರೀಆಂಪ್. ಟ್ಯೂಬ್ ಬಿಸಿಯಾದ ಮೇಲೆ ಪವರ್ ಆಂಪ್. ಆಫ್ ಮಾಡುವಾಗ ಉಲ್ಟಾ, ಇಲ್ಲದಿದ್ದರೆ ಸ್ಪೀಕರ್ ಧಡ್ ಅನ್ನುತ್ತದೆ.