ಕಂಬದ ಮೇಲಿನ ಗಾಜಿನ ಚೂರು

ಇವತ್ತು ವಿಮಾನ ಎರಡು ಗಂಟೆ ತಡ. ಕೂತೂ ಕೂತೂ ಬೇಜಾರಾಗಿ ಎದುರಿನ ಕಂಬ ನೋಡ್ತಿದ್ದೆ. ಅದರ ಮೇಲೆ ಬೆಂಕಿಪೊಟ್ಟಣದಷ್ಟು ಗಾತ್ರದ ಗಾಜಿನ ಪ್ರಿಸಂ. ಆಚೆ ಕಂಬದ ಮೇಲೂ ಒಂದು. ಅದರಾಚೆಗೂ.

ಹೆಲ್ಮೆಟ್ ಹಾಕ್ಕೊಂಡಿದ್ದ ಹುಡುಗನ್ನ ಕೇಳಿದೆ.
"ಕೆಳಗೆ ರೈಲ್ವೆ ಸ್ಟೇಷನ್ನಿಗೆ ಅಗೀತಿದೀವಿ ಸರ್. ಕಂಬ ಒಂದೆರಡು ಮಿಲಿಮೀಟರ್ ಕುಸಿದ್ರೂ ಗೊತ್ತಾಗ್ಬೇಕಲ್ಲ."

ಮೂಲೇಲಿ ಒಂದು ಯಂತ್ರ. ಹಗಲು ರಾತ್ರಿ ಒಂದೊಂದೇ ಪ್ರಿಸಂ ಕಡೆ ಕತ್ತು ತಿರುಗಿಸಿ, ಬೆಳಕು ಬಿಟ್ಟು, ಅಳತೆ ತಗೊಳ್ಳುತ್ತಂತೆ. ನೋಡ್ತಾ ಕೂತೆ. ತಿರುಗ್ತು, ನಿಲ್ತು, ಮತ್ತೆ ತಿರುಗ್ತು. ಮಲಗಿರೋ ಮಗು ಉಸಿರಾಡ್ತಿದೆಯಾ ಅಂತ ಆಗಾಗ ಇಣುಕೋ ಅಮ್ಮನ ಥರ.

ಅತಿಯಾಯ್ತು ಅನ್ನೋ ಹಾಗಿಲ್ಲ. 1994ರಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ರೈಲಿಗೆ ಅಂತ ತೋಡ್ತಿದ್ದ ಸುರಂಗ ಕುಸಿದು ಮೇಲೆ ದೊಡ್ಡ ಗುಂಡಿನೇ ಬಿದ್ದಿತ್ತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯ ಆಗಲಿಲ್ಲ.

ವಿಮಾನ ಏರೋಕೆ ಇವತ್ತಿಗೂ ಎದೆ ಡವಡವ ಅನ್ನುತ್ತೆ ನಂಗೆ. ಕಾಲ ಕೆಳಗಿನ ನೆಲವನ್ನ ಮಾತ್ರ ಒಂದಿನವೂ ಅನುಮಾನಿಸಿದವನಲ್ಲ.

ಬೋರ್ಡಿಂಗ್ ಕರೆದ್ರು. ಎದ್ದ ಗಡಿಬಿಡೀಲಿ ಸೂಟ್‌ಕೇಸು ಕಂಬಕ್ಕೆ ಢಣ್ ಅಂತ ಬಡೀತು. ಹುಡುಗನ ಮುಖ ನೋಡಿದೆ.

"ಅಷ್ಟಕ್ಕೆಲ್ಲ ಏನಾಗಲ್ಲ, ಹೋಗಿ ಸರ್" ಅಂದ.