ಫ್ಲೋರೆನ್ಸ್ ಡ್ರಿಸ್ಕಾಲ್ ಎಲ್ಲಿ ಹೋದ?

ಐರ್ಲೆಂಡಿನಲ್ಲಿ ಹಿರಿಯರನ್ನು ಹುಡುಕಲು ಹೊರಟವರಿಗೆ ಮೊದಲು ಎದುರಾಗೋದು ಬೆಂಕಿ. 1922ರ ಜೂನ್ 30ರಂದು, ಅಂತರ್ಯುದ್ಧದ ಹೊಡೆದಾಟದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸರ್ಕಾರಿ ದಾಖಲೆ ಕಚೇರಿ ಸ್ಫೋಟಗೊಂಡು ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿ ಹಾಳೆಗಳಲ್ಲಿ ಹೆಚ್ಚಿನವು ಅಲ್ಲೇ ಬೂದಿಯಾದವು. ನಂತರದ ನಾಲ್ಕು ಗಣತಿಗಳ ಹಾಳೆಗಳನ್ನು ಸುಡೋಕೆ ಯಾರೂ ಬೇಕಾಗಲಿಲ್ಲ, ಸರ್ಕಾರವೇ ನಾಶ ಮಾಡಿತ್ತು. ಅದರಲ್ಲಿ 1881, 1891ರವು ಮೊದಲ ಮಹಾಯುದ್ಧದ ಕಾಗದದ ಅಭಾವದಲ್ಲಿ ರದ್ದಿಗೆ ಹೋದವು. ಹಾಗಾಗಿ ಪೂರ್ತಿಯಾಗಿ ಉಳಿದಿರುವ ಅತಿ ಹಳೆಯ ಗಣತಿ 1901ರದ್ದು. ಅದಕ್ಕೂ ಹಿಂದಿನವರು ಬೇಕೆಂದರೆ ಚರ್ಚಿನ ಪುಸ್ತಕಗಳೇ ಗತಿ.

ನನ್ನ ಅತ್ತೆ ಬಾಸ್ಟನ್ನಿನವರು. ಅವರ ಮುತ್ತಜ್ಜಿ ನೋರಾ, ಡ್ರಿಸ್ಕಾಲ್ ಮನೆತನದವಳು, ಹದಿಹರೆಯದಲ್ಲೇ ಕ್ವೀನ್ಸ್‌ಟೌನ್ ಬಂದರಿನಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದವಳು. ಆ ಊರಿಗೆ ಈಗ ಕೋವ್ ಅಂತ ಹೆಸರು. ನನ್ನ ಗಂಡನಿಗೆ ಇದರಲ್ಲಿ ಆಸಕ್ತಿ ಇಲ್ಲ. ನನಗಿತ್ತು. ಹಾಗಾಗಿ ಅತ್ತೆ ಸೊಸೆ ಇಬ್ಬರೇ ಹೊರಟೆವು.

ಹೊರಡುವ ಮೊದಲಿನ ಒಂದು ಸಿಟ್ಟು ಇನ್ನೂ ಆರಿಲ್ಲ, ಹೇಳಿಬಿಡುತ್ತೇನೆ. ವಂಶವೃಕ್ಷ ಮಾಡಿಕೊಡುವ ಒಂದು ಸಂಸ್ಥೆಗೆ ಅತ್ತೆ ಮೊದಲೇ ದುಡ್ಡು ಕಟ್ಟಿದ್ದರು. ಚಂದದ ಚರ್ಮದ ಫೈಲಿನಲ್ಲಿ ವರದಿ ಬಂತು. ಅದರಲ್ಲಿ ಫ್ಲೋರೆನ್ಸ್ ಡ್ರಿಸ್ಕಾಲ್ ಅಂತ ನೋರಾಳ ಒಬ್ಬ ಅಕ್ಕ ಇದ್ದಳು. ನೋರಾಳ ಊರಿರುವ ಪಶ್ಚಿಮ ಕಾರ್ಕ್‌ನಲ್ಲಿ, ಅಂದರೆ ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಫ್ಲೋರೆನ್ಸ್ ಗಂಡಸಿನ ಹೆಸರು! ಫಿನೀನ್ ಅನ್ನೋ ಐರಿಷ್ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಫ್ಲೋರೆನ್ಸ್ ಅಂತ ಬರೆಯುತ್ತಿದ್ದರು. ಅಲ್ಲಿಯ ಯಾವ ಹಳ್ಳಿಯವರನ್ನು ಕೇಳಿದ್ದರೂ ಹೇಳುತ್ತಿದ್ದರು. ಅಣ್ಣನನ್ನು ಅಕ್ಕ ಮಾಡಿ, ಅವಳಿಗೊಂದು ಮದುವೆಯನ್ನೂ ಮಾಡಿಸಿ, ಸಿಕ್ಕಾಪಟ್ಟೆ ಬಿಲ್ ಹಾಕಿದ್ದರು. ಹುಡುಕುವವರಿಗೆ ನನ್ನ ಮಾತು ಇಷ್ಟೇ: ಯಾರಿಗೂ ದುಡ್ಡು ಕೊಡುವ ಮೊದಲು ಪುಕ್ಕಟೆ ಸಿಗುವುದನ್ನು ನೋಡಿ. ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳು ಆಯಾ ಊರಿನ ಪಾದ್ರಿಗಳ ಹತ್ತಿರವೇ ಇದ್ದವು, ಹಾಗಾಗಿ 1922ರ ಬೆಂಕಿಯಿಂದ ಪಾರಾದವು. ರಾಷ್ಟ್ರೀಯ ಗ್ರಂಥಾಲಯದವರು ಅವುಗಳ ಚಿತ್ರಗಳನ್ನು 2015ರಲ್ಲಿ ಅಂತರ್ಜಾಲಕ್ಕೆ ಹಾಕಿದ್ದಾರೆ, ಸಾವಿರಕ್ಕೂ ಹೆಚ್ಚು ಚರ್ಚುಗಳದ್ದು. ಹೆಸರೊಂದನ್ನೇ ನಂಬಬೇಡಿ. ಅಪ್ಪ ಅಮ್ಮ, ಮಗುವನ್ನು ಕ್ರೈಸ್ತಧರ್ಮಕ್ಕೆ ಸೇರಿಸುವ ಜ್ಞಾನಸ್ನಾನದಲ್ಲಿ ಅದರ ಹೊಣೆ ಹೊರುವ ಜ್ಞಾನತಾಯಿ, ಜ್ಞಾನತಂದೆ, ಊರಿನ ತುಂಡು, ಇಷ್ಟೂ ಕೂಡಿ ಬರಬೇಕು. ಊರಿನ ತುಂಡು ಅಂದರೆ ಟೌನ್‌ಲ್ಯಾಂಡ್. ಐರ್ಲೆಂಡಿನಲ್ಲಿ ಅಂಥವು 60,000ಕ್ಕೂ ಜಾಸ್ತಿ ಇವೆ, ಕೆಲವು ನಾಲ್ಕಾರು ಮನೆಗಳಷ್ಟೇ.

ಡಬ್ಲಿನ್ ಬಗ್ಗೆ ಹೆಚ್ಚು ಹೇಳೋಕೇನಿಲ್ಲ. ಕಿಲ್ಡೇರ್ ಬೀದಿಯ ಗ್ರಂಥಾಲಯದ ಗುಮ್ಮಟದ ಕೆಳಗೆ ಕೂರೋದು ಸುಖ. ಪಬ್ಬುಗಳ ಕೇರಿ ಟೆಂಪಲ್ ಬಾರ್‌ನ ಗದ್ದಲ ನನಗೆ ಒಗ್ಗಲಿಲ್ಲ. ಚಹಾ ಮಾತ್ರ ಎಲ್ಲೆಡೆ ಗಟ್ಟಿ, ಹಾಲು ಹಾಕಿದ್ದು. ಅಮೆರಿಕದಲ್ಲಿ ಇಷ್ಟು ವರ್ಷ ಕುಡಿದ ಬಿಸಿನೀರಿಗೆ ಅದು ಪರಿಹಾರ. ಕಾರ್ಕ್‌ವರೆಗೆ ರೈಲು, ಅಲ್ಲಿಂದ ಬಾಡಿಗೆ ಕಾರು. ಪಶ್ಚಿಮ ಕಾರ್ಕ್‌ನ ಸ್ಕಿಬ್ಬರೀನ್ ಪಟ್ಟಣದ ಕಡೆಯ ಒಳದಾರಿಗಳಲ್ಲಿ ಎರಡೂ ಬದಿಗೆ ಫ್ಯೂಷಿಯಾ ಹೂವಿನ ಬೇಲಿ. ನೋಡೋಕೆ ಚಂದ, ಕಾರಿಗೆ ಕಂಟಕ. ಕಾರು ತಗೊಳ್ಳುವಾಗಲೇ ಸುತ್ತಲೂ ವಿಡಿಯೊ ಮಾಡಿಕೊಳ್ಳಿ. ಕನ್ನಡಿಯ ಮೇಲಿನ ಒಂದು ಗೀರಿಗೆ ನಾವು ಕೊಟ್ಟ ದುಡ್ಡಿನಲ್ಲಿ ಇನ್ನೊಂದು ರಾತ್ರಿ ಉಳಿಯಬಹುದಿತ್ತು.

ನೋರಾ ಸಿಕ್ಕಿದ್ದಳು. ಬಾಸ್ಟನ್ನಿನ ಅಡುಗೆಮನೆಯ ಟೇಬಲ್ಲಿನಲ್ಲೇ ಸಿಕ್ಕಿದ್ದು. 1863ರ ಜ್ಞಾನಸ್ನಾನ, ಲ್ಯಾಟಿನ್‌ನಲ್ಲಿ ಹೊನೋರಿಯಾ ಅಂತ, ಮಸಿ ಹರಡಿದ ಒಂದು ಸಾಲು. ಐರ್ಲೆಂಡಿನಲ್ಲಿ ಎಲ್ಲರ ಹುಟ್ಟು ಸಾವುಗಳನ್ನು ಸರ್ಕಾರ ಬರೆದುಕೊಳ್ಳೋಕೆ ಶುರುಮಾಡಿದ್ದು 1864ರಲ್ಲಿ. ಒಂದು ವರ್ಷದಲ್ಲಿ ತಪ್ಪಿಸಿಕೊಂಡಿದ್ದಾಳೆ ನೋಡಿ. ಅವಳ ದೊಡ್ಡಣ್ಣನ ಹೆಸರು ಫ್ಲೋರೆನ್ಸ್. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವುದು ಅಲ್ಲಿಯ ಪದ್ಧತಿ, ನಮ್ಮಲ್ಲಿಯೂ ಎಷ್ಟೋ ಮನೆಗಳಲ್ಲಿ ಇದೆಯಲ್ವಾ? ಹಾಗಾದರೆ ನೋರಾಳ ಅಜ್ಜ ಫ್ಲೋರೆನ್ಸ್ ಇರಬೇಕು. 1823ರಿಂದ 1837ರ ನಡುವೆ ಚರ್ಚಿನ ತೆರಿಗೆಗಾಗಿ ಬರೆದ ಪುಸ್ತಕದಲ್ಲಿ, ಒಂದು ಊರಿನ ತುಂಡಿನಲ್ಲಿ, ಒಬ್ಬ ಫ್ಲೋರೆನ್ಸ್ ಡ್ರಿಸ್ಕಾಲ್ ಇದ್ದಾನೆ, ಒಂದು ಸಣ್ಣ ಹೊಲದೊಂದಿಗೆ. 1850ರ ದಶಕದ ಆರಂಭದಲ್ಲಿ ತೆರಿಗೆಗಾಗಿ ಹೊಲ ಮನೆಗಳಿಗೆ ಬೆಲೆ ಕಟ್ಟಿದ ಗ್ರಿಫಿತ್ ಸರ್ವೆಯಲ್ಲಿ ಅದೇ ಊರಿನಲ್ಲಿ ಒಬ್ಬನೂ ಡ್ರಿಸ್ಕಾಲ್ ಇಲ್ಲ.

ಈ ಎರಡು ಪುಸ್ತಕಗಳ ನಡುವೆ 1845ರಿಂದ 1852ರ ಬರ. ಬಡವರ ಊಟವೇ ಆಗಿದ್ದ ಆಲೂಗಡ್ಡೆಗೆ ರೋಗ ಬಿತ್ತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಜಾಸ್ತಿ ಜನ ದೇಶ ಬಿಟ್ಟರು.

ನೋರಾಳ ಅಜ್ಜ ಫ್ಲೋರೆನ್ಸನನ್ನು ಎಲ್ಲಿ ಹೂಳಿದರು ಅನ್ನೋದೇ ಅತ್ತೆಯ ಪ್ರಶ್ನೆ. ನಾನು ಹುಟ್ಟು, ಮದುವೆಗಳ ಪುಟಗಳನ್ನು ತಿರುವಿ ಹಾಕಿದ್ದೆ, ಸಾವಿನ ಪುಸ್ತಕವೂ ಇದ್ದೇ ಇರುತ್ತದೆ ಅಂದುಕೊಳ್ಳೋದು ಸಹಜ. ಆದರೆ ಆ ಕಾಲದ ಹೆಚ್ಚಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಹೂಳಿದ ಲೆಕ್ಕವನ್ನು ಬರೆದಿಡುತ್ತಲೇ ಇರಲಿಲ್ಲ. ಬಡವರ ಗೋರಿಗೆ ಹೊಲದಿಂದ ತಂದ ಒಂದು ಕಲ್ಲು ಇಡುತ್ತಿದ್ದರು, ಅದರ ಮೇಲೆ ಅಕ್ಷರ ಇಲ್ಲ. ಸ್ಕಿಬ್ಬರೀನ್‌ನ ಹೆರಿಟೇಜ್ ಸೆಂಟರ್‌ನವರು ಸುತ್ತಲಿನ ಸ್ಮಶಾನಗಳ ಗೋರಿಕಲ್ಲುಗಳನ್ನು ಪಟ್ಟಿ ಮಾಡಿದ್ದಾರೆ, ಒಳ್ಳೆಯ ಕೆಲಸ. ಆದರೆ ಬರೆದಿರುವ ಕಲ್ಲನ್ನು ತಾನೇ ಪಟ್ಟಿ ಮಾಡೋಕಾಗೋದು?

ಊರ ಹೊರಗೆ, ಐಲೆನ್ ನದಿಯ ದಂಡೆಯಲ್ಲಿ ಅಬ್ಬೆಸ್ಟ್ರೌರಿ ಸ್ಮಶಾನ. ಅಲ್ಲಿ ಬರದ ಕಾಲದ ಗುಂಡಿಗಳಿವೆ. ಈಗ ಮೇಲೆ ಹುಲ್ಲು, ಒಪ್ಪವಾಗಿ ಕತ್ತರಿಸಿದ್ದು. ಒಳಗೆ 8,000ದಿಂದ 10,000 ಜನ. ಪೆಟ್ಟಿಗೆಗೂ ದುಡ್ಡಿಲ್ಲದೆ, ತಳಕ್ಕೆ ಬಿಜಾಗರಿ ಹಾಕಿದ ಒಂದೇ ಪೆಟ್ಟಿಗೆಯಲ್ಲಿ ಒಬ್ಬರಾದ ಮೇಲೆ ಒಬ್ಬರನ್ನು ತಂದು ಗುಂಡಿಗೆ ಬೀಳಿಸಿ, ಪೆಟ್ಟಿಗೆ ವಾಪಸ್ ಒಯ್ಯುತ್ತಿದ್ದರಂತೆ. ಟಾಮ್ ಗೆರಿನ್ ಅನ್ನೋ ಪುಟ್ಟ ಹುಡುಗನನ್ನು ಸತ್ತಿದ್ದಾನೆಂದು ಇಲ್ಲಿಗೆ ತಂದರು, ಸಲಿಕೆ ತಾಗಿದಾಗ ನರಳಿದ, ಕಾಲು ಮುರಿದುಕೊಂಡು ದಶಕಗಳ ಕಾಲ ಬದುಕಿದ ಅಂತ ಊರಿನವರು ಹೇಳುತ್ತಾರೆ.

ಅತ್ತೆ ಅಳುತ್ತಾರೆ ಅಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು. ಫಲಕದ ಮುಂದೆ ನಿಂತು, "ಎಂಟೋ ಹತ್ತೋ? ನೋಡು, ಎರಡು ಸಾವಿರ ಜನ ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು ಅನ್ನೋ ಹಾಗೆ ಬರೆದಿದ್ದಾರಲ್ಲ," ಅಂದರು. ಫಲಕ ಬರೆದವರ ತಪ್ಪಲ್ಲ, ಆಗ ಯಾರೂ ಎಣಿಸಲಿಲ್ಲ ಅಂದೆ. "ಕುರಿ ಎಣಿಸಿದ್ದರು. ಹೊಲ ಅಳೆದಿದ್ದರು. ತೆರಿಗೆಯ ಲೆಕ್ಕ ಪೆನ್ನಿಯವರೆಗೆ ಇದೆ," ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ದಿನ ಫ್ಲೋರೆನ್ಸನ ಊರಿನ ತುಂಡಿಗೆ ಹೋದೆವು. ಅಲ್ಲಿ ಈಗ ಪೈನ್ ತೋಪು. ಹತ್ತಿರದ ಗುಡ್ಡದ ಮೇಲೆ ಬಿದ್ದುಹೋದ ಹಳೇ ಚರ್ಚು, ಸುತ್ತ ಗೋರಿಗಳು. ರಬ್ಬರ್ ಬೂಟು ಇಲ್ಲದೆ ಇಂಥಲ್ಲಿಗೆ ಹೋಗಬೇಡಿ. ಹುಲ್ಲಿನಡಿ ಗುಂಡಿಗಳಿರುತ್ತವೆ, ಚುರುಚುರು ಗಿಡ ಮೊಣಕಾಲಿಗೆ ಬರುತ್ತದೆ. ಸವೆದ ಅಕ್ಷರಕ್ಕೆ ಟಾರ್ಚಿನ ಬೆಳಕನ್ನು ಪಕ್ಕದಿಂದ ಬಿಡಿ, ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಬ್ರಷ್ಷಿನಿಂದ ಮಾತ್ರ ಉಜ್ಜಬೇಡಿ.

ಅಲ್ಲೊಬ್ಬ ಮುದುಕರು ಮಷಿನ್ನಿನಿಂದ ಹುಲ್ಲು ಕತ್ತರಿಸುತ್ತಿದ್ದರು. ನಮ್ಮನ್ನು ನೋಡಿ ಮಷಿನ್ ನಿಲ್ಲಿಸಿದರು.

"ಯಾರ ಕಡೆಯವರು?"

"ಡ್ರಿಸ್ಕಾಲ್," ಅಂದರು ಅತ್ತೆ.

"ಅದು ಎಲ್ಲರೂ. ಯಾವ ಡ್ರಿಸ್ಕಾಲ್?"

ಅಲ್ಲಿ ಒಂದೇ ಅಡ್ಡಹೆಸರಿನವರು ರಾಶಿ ಇರೋದರಿಂದ ಪ್ರತಿ ಕವಲಿಗೂ ಒಂದು ಕರೆಯುವ ಹೆಸರು. ಅದನ್ನು ಯಾವ ಪಾದ್ರಿಯೂ ಬರೆದಂತಿಲ್ಲ. ಅತ್ತೆ ಯೋಚಿಸಿ, ತಮ್ಮ ಅಜ್ಜಿ ಸಿಟ್ಟು ಬಂದಾಗ "ನಾವು ರುವಾದವರು, ನೆನಪಿರಲಿ" ಅನ್ನುತ್ತಿದ್ದರು ಅಂದರು. ರುವಾ ಅಂದರೆ ಕೆಂಪು ಕೂದಲಿನವರು. ಮುದುಕರು ಏನೂ ಹೇಳದೆ ಜೇಬಿನಿಂದ ಫೋನ್ ತೆಗೆದು ಅಕ್ಕನಿಗೆ ಹಚ್ಚಿದರು. ತೊಂಬತ್ತು ದಾಟಿದ ಅಕ್ಕ. ಸ್ಪೀಕರ್ ಹಾಕಿ ಫೋನನ್ನು ಒಂದು ಗೋರಿಕಲ್ಲಿನ ಮೇಲೆ ಇಟ್ಟರು.

ಆಮೇಲೆ ನಡೆದದ್ದು ವಿಚಾರಣೆ. "ಹೋದದ್ದು ಬಾಸ್ಟನ್ನಿಗಾ, ಬ್ಯೂಟ್‌ಗಾ?" ಗಣಿ ಕೆಲಸಕ್ಕೆ ಮೊಂಟಾನಾದ ಬ್ಯೂಟ್‌ಗೆ ಹೋದವರು ಆ ಕಡೆ ಬಹಳ. ಬಾಸ್ಟನ್ನಿಗೆ ಅಂದರು ಅತ್ತೆ. "ಮನೆಯಲ್ಲಿ ಎಡಗೈಯವರಿದ್ದರಾ?" ಇದ್ದರು, ಅತ್ತೆಯ ಅಮ್ಮನೇ. "ಜ್ಞಾನತಾಯಿ ಯಾರು?" ಅತ್ತೆ ಪುಸ್ತಕದಲ್ಲಿದ್ದ ಹೆಸರು ಹೇಳಿದರು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಶುರುವಾಯಿತು: ಯಾರ ಮಗಳು ಯಾವ ಮನೆಗೆ ಸೊಸೆಯಾಗಿ ಹೋದಳು, ಅವಳ ಮಕ್ಕಳೆಷ್ಟು, ಯಾವ ಹಡಗು ಹತ್ತಿದವರು ಕಾಗದ ಬರೆದರು, ಯಾರು ಬರೆಯಲಿಲ್ಲ. ಬೈಲಹೊಂಗಲದ ಹತ್ತಿರದ ನಮ್ಮ ಅಜ್ಜಿಯ ಊರಿಗೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬರುತ್ತಿದ್ದ ಹೆಳವ ಹೀಗೇ ತಡೆಯಿಲ್ಲದೆ ತಲೆಮಾರು ಹೇಳುತ್ತಿದ್ದ. ಆದರೆ ಅವನ ಬಾಯಲ್ಲಿ ನಾನು ಕೇಳಿದ್ದು ಗಂಡಸರ ಹೆಸರುಗಳನ್ನೇ. ಈ ಅಜ್ಜಿಗೆ ಹೆಣ್ಣುಮಕ್ಕಳ ಲೆಕ್ಕವೂ ಬಾಯಿಪಾಠ.

ಅತ್ತೆ ಬಾಡಿಗೆ ಕಾರಿನ ಕಾಗದದ ಹಿಂದೆ ಬರೆದುಕೊಳ್ಳುತ್ತಿದ್ದರು. ಕೊನೆಗೆ ಫ್ಲೋರೆನ್ಸನ ಬಗ್ಗೆ ಕೇಳಿದರು.

"ರುವಾದವರು ಗುಂಡಿಗೆ ಹೋದರು ಅಂತ ನಮ್ಮಜ್ಜಿ ಒಂದೇ ಸಲ ಹೇಳಿದ್ದು," ಅಂದಿತು ಆ ದನಿ. "ಯಾರು, ಎಷ್ಟು ಜನ ಅಂತ ಕೇಳಿದ್ದಕ್ಕೆ ಬೆನ್ನಿಗೆ ಗುದ್ದು ಬಿತ್ತು. ಆ ವರ್ಷಗಳ ಮಾತು ಮನೆಯಲ್ಲಿ ಎತ್ತುವಂತಿರಲಿಲ್ಲ. ಫ್ಲೋರೆನ್ಸನ ಹೆಂಡತಿ ಮಾತ್ರ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ನಡೆದಳು. ಅದಕ್ಕೇ ನಿಮ್ಮ ನೋರಾ ಆಚೆ ಚರ್ಚಿನ ಪುಸ್ತಕದಲ್ಲಿ ಇರೋದು."

ಅಬ್ಬೆಸ್ಟ್ರೌರಿಯ ಗುಂಡಿಯೇ? ಇರಬಹುದು. ಮುದುಕರು ಸ್ಮಶಾನದ ಮೂಲೆಯಲ್ಲಿ ಮೊಳಕಾಲೆತ್ತರದ ಬರಹವಿಲ್ಲದ ಕಲ್ಲುಗಳನ್ನು ತೋರಿಸಿ, ಇಲ್ಲೂ ಆ ಕಾಲದವರಿದ್ದಾರೆ ಅಂದರು. ಅತ್ತೆ ಎರಡನ್ನೂ ಬರೆದುಕೊಂಡರು, ಮುಂದೆ ದೊಡ್ಡದೊಂದು ಪ್ರಶ್ನೆಚಿಹ್ನೆ ಹಾಕಿದರು. ಚರ್ಮದ ಫೈಲಿನವರು ಹಾಕದಿದ್ದದ್ದು ಅದೇ.

ಆಮೇಲಿನ ದಿನಗಳಲ್ಲಿ ಕೋವ್ ನೋಡಿದೆವು, ಮಳೆ ಬಂತು, ವಿಮಾನ ತಡವಾಯಿತು. ಈಗ ಭಾನುವಾರಗಳಂದು ಅತ್ತೆಗೂ ಆ ಅಜ್ಜಿಗೂ ಫೋನಿನಲ್ಲಿ ಜಗಳ. ಜ್ಞಾನತಾಯಿ ನೋರಾಳ ಅಮ್ಮನ ಕಡೆಯವಳು, ಚರ್ಚಿನ ಪುಸ್ತಕವೇ ಇದೆಯಲ್ಲ ಅಂತ ಇವರು. ಪುಸ್ತಕ ತಪ್ಪು, ಆ ಪಾದ್ರಿ ಬೇರೆ ಊರಿನವನು, ಅವನಿಗೇನು ಗೊತ್ತು ಅಂತ ಅವರು.