ನನಗೆ ಬ್ಯಾಸರ, ಅವ್ವನಿಗೆ ಗಾಬರಿ

ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಹೊತ್ತು ಮುಳುಗಿರುತ್ತದೆ. ಅಂಥ ಒಂದು ಭಾನುವಾರ. ಅಂಗಡಿಗಳೂ ಮುಚ್ಚಿದ್ದವು. ಕಲಬುರಗಿಗೆ ಫೋನ್ ಹಚ್ಚಿ, "ಬ್ಯಾಸರ ಆಗ್ಯಾದವ್ವಾ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ಯಾಕ ತಮ್ಮಾ, ಯಾರರ ಏನರ ಅಂದ್ರೇನು?" ಅಂದಳು.

ಹೊತ್ತು ಹೋಗುತ್ತಿಲ್ಲ ಅಂತ ನಾನು ಹೇಳಿದ್ದು. ಮಗನ ಮನಸ್ಸು ನೊಂದಿದೆ ಅಂತ ಅವಳಿಗೆ ಕೇಳಿಸಿದ್ದು. ಅವಳ ತಪ್ಪಲ್ಲ. ನಮ್ಮ ಬೇಸರದೊಳಗೆ ಎರಡೂ ಇವೆ.

ಇಲ್ಲಿ ಜರ್ಮನ್ ಕಲಿಯುವಾಗಲೂ ಈ ಮಾತು ನನ್ನನ್ನು ತಡೆದು ನಿಲ್ಲಿಸಿತ್ತು. ದಣಿದಿದ್ದೇನೆ ಅನ್ನಲು 'ಇಶ್ ಬಿನ್ ಮ್ಯೂಡೆ' ಅನ್ನಬೇಕು. ಅದೇ ಅಚ್ಚಿನಲ್ಲಿ 'ಇಶ್ ಬಿನ್ ಲಾಂಗ್‌ವೈಲಿಶ್' ಅಂದೆ. ಟೀಚರ್ ತಿದ್ದಿದರು. ಹಾಗಂದರೆ ನಾನೇ ಬೋರು ಹೊಡೆಸುವ ಮನುಷ್ಯ ಅಂತ ಅರ್ಥವಂತೆ. 'ಮಿರ್ ಇಸ್ಟ್ ಲಾಂಗ್‌ವೈಲಿಶ್' ಅನ್ನಬೇಕು. ಮಿರ್ ಅಂದರೆ ನನಗೆ. ನನಗೆ ಬೇಸರ! ನಾವೂ 'ನಾನು ಬೇಸರ' ಅನ್ನೋದಿಲ್ಲ, ಅಲ್ವಾ? ಲಾಂಗ್‌ವೈಲಿಶ್ ಅನ್ನುವ ಪದವನ್ನು ಬಿಡಿಸಿದರೆ 'ಉದ್ದನೆಯ ಹೊತ್ತು'. ನಮ್ಮೂರ ಕಟ್ಟೆಯ ಮೇಲೆ ಕೂತವರು "ಹೊತ್ತೇ ಹೋಗವಲ್ದು" ಅನ್ನೋದೂ ಅದನ್ನೇ. ಅವತ್ತು ಆ ಭಾಷೆ ನನಗೆ ಮೊದಲ ಸಲ ಹತ್ತಿರದ್ದು ಅನ್ನಿಸಿತು.

ಸುಸ್ತು, ಬೇಜಾರು ಎರಡೂ ಪಾರಸಿಯಿಂದ ಬಂದವು. 1347ರಲ್ಲಿ ಬಹಮನಿ ಸುಲ್ತಾನರು ರಾಜಧಾನಿ ಮಾಡಿಕೊಂಡ ಊರು ನಮ್ಮದು, ಅವರ ದರ್ಬಾರಿನ ಪಾರಸಿ ನಮಗೆ ಹೊಸದೇನಲ್ಲ. ಪಾರಸಿಯಲ್ಲಿ ಬೇಜಾರ್ ಅಂದರೆ ರೋಸಿಹೋಗುವುದು, ಹತ್ತಿರವೇ ಬೇಡ ಅನ್ನಿಸುವುದು. ಕನ್ನಡಕ್ಕೆ ಬಂದು ಎಷ್ಟು ಮೆತ್ತಗಾಯಿತು ನೋಡಿ.

ಆದರೆ ದಣಿವು ಬೇರೆಯೇ. ಅದು ಮೈಗೆ ಸೇರಿದ್ದು. ಚಿಕ್ಕವನಿದ್ದಾಗ ತೊಗರಿ ರಾಶಿಯ ದಿನಗಳಲ್ಲಿ ಅವ್ವ ಹೊಲದಿಂದ ಬಂದು ಹೊಸ್ತಿಲ ಮೇಲೆ ಕೂಡುತ್ತಿದ್ದಳು. ಸೆರಗಿನಲ್ಲಿ ಹೊಟ್ಟು, ಬೆರಳ ಸಂದಿಯಲ್ಲಿ ಗೀರು. "ಕೈ ಸೋತಾವ" ಅನ್ನುತ್ತಿದ್ದಳು. ಕೈಕಾಲು ಸೋಲುತ್ತವೆ ಅನ್ನುವ ನಮ್ಮ ಈ ಮಾತು ನನಗೆ ಬಹಳ ಇಷ್ಟ. "ದಿನಾ ಇದೇ ಕೆಲಸ, ಬ್ಯಾಸರ ಬರಂಗಿಲ್ಲೇನವ್ವಾ?" ಅಂತ ಒಮ್ಮೆ ಕೇಳಿದ್ದೆ.

"ದಣದೀನಿ ಖರೆ. ಬ್ಯಾಸರ ಯಾಕ? ನಮ್ಮ ತೊಗರಿ ಅದ."

ಈಗ ಫೋನಿನಲ್ಲಿ ಬ್ಯಾಸರ ಅನ್ನೋದಿಲ್ಲ. "ಹೊತ್ತ ಹೋಗವಲ್ದವ್ವಾ" ಅನ್ನುತ್ತೇನೆ. ಆಗ ಅವಳು ಈ ಸಲ ತೊಗರಿ ಎಷ್ಟು ಚೀಲ ಆಯಿತು ಅಂತ ಶುರು ಮಾಡುತ್ತಾಳೆ.